ಏಳು ಗಂಟೆಯ ಮುಖ

ಮಾರ್ಚ್ 3, ಸೋಮವಾರ

ಮತ್ತೆ ಎರಡು ಮೊಡವೆ. ಎಡ ದವಡೆ, ಕಿವಿಯ ಸ್ವಲ್ಪ ಕೆಳಗೆ. ಕೆಂಪಗೆ ಊದಿವೆ, ಸ್ಪಂಜು ತಾಗಿದರೆ ಮುಖ ಕಿವುಚುತ್ತಾಳೆ. ಶುಕ್ರವಾರ ಇರಲಿಲ್ಲ. ಆಣೆ ಮಾಡಿ ಹೇಳಬಲ್ಲೆ. ಏಳು ಗಂಟೆಯ ಮುಖ ನನಗೆ ನನ್ನ ಅಂಗೈಗಿಂತ ಚೆನ್ನಾಗಿ ಗೊತ್ತು.

ನಮ್ಮ ಮೇಕಪ್ ರೂಮಿನಲ್ಲಿ ಯಾರಿಗೂ ಹೆಸರಿಲ್ಲ. ಯಾವ ಬುಲೆಟಿನ್ ಓದುತ್ತಾರೋ ಅದೇ ಹೆಸರು. ಈ ಹುಡುಗಿ ಏಳು ಗಂಟೆ. ಬೋಳುತಲೆಗೆ ದಿನಾ ಪೌಡರ್ ಹಾಕಿಸಿಕೊಂಡು, ತನಗೆ ಮೇಕಪ್ಪೇ ಬೇಡ ಎಂದು ಎಲ್ಲರ ಹತ್ತಿರ ಹೇಳಿಕೊಂಡು ತಿರುಗುವ ಮಹಾನುಭಾವ ಒಂಬತ್ತು ಗಂಟೆ. ನಾನು ಪೌಡರಕ್ಕ. ಮನೆಯಲ್ಲೂ ಇವರು ಹಾಗೇ ಕರೆದು ರೇಗಿಸುತ್ತಾರೆ.

ಏಳು ಗಂಟೆಗೆ ಕಾಲೇಜು ದಿನಗಳಲ್ಲಿ ದೆವ್ವ ಮೈಮೇಲೆ ಬಂದಂತೆ ಮೊಡವೆ ಬಂದಿತ್ತಂತೆ. ಅವು ಹೋದವು, ಗುಳಿ ಬಿಟ್ಟು ಹೋದವು. ಎರಡೂ ಕೆನ್ನೆ ತುಂಬ. ಆ ಕೆನ್ನೆಗಳನ್ನು ಸಮ ಮಾಡಿ ಟೀವಿಗೆ ಕಳಿಸುವುದು ನನ್ನ ಕೆಲಸ. ಮೂರು ಫೌಂಡೇಶನ್, ಕಲೆ ಅಡಗಿಸುವ ಕಿತ್ತಳೆ ಬಣ್ಣದ ಕರೆಕ್ಟರ್ ಚೂರು, ಮೇಲೆ ಬೆವರಿಗೂ ಜಗ್ಗದ ಸ್ಪ್ರೇ. ಯಾವುದು ಎಷ್ಟು ಎಂದು ಎಲ್ಲೂ ಬರೆದಿಲ್ಲ. ಬರೆದಿಟ್ಟರೆ ಕದಿಯುತ್ತಾರೆ.

ಹೊಸ ಕ್ಯಾಮೆರಾಗಳು ಬಂದಿವೆ. ಸೊಳ್ಳೆ ಕಚ್ಚಿದ್ದೂ ಕಾಣುತ್ತದಂತೆ. ಅದರ ಹಿಂದೆಯೇ ಒಬ್ಬ ಹೊಸ ಹುಡುಗ ಬಂದಿದ್ದಾನೆ, ಗಡ್ಡದವನು. ಬಣ್ಣವನ್ನು ಗಾಳಿಯಲ್ಲಿ ಊದುವ ಮೆಷಿನ್ ತಂದಿದ್ದಾನೆ. ಸ್ಪಂಜು ಬೇಡವಂತೆ, ಬ್ರಷ್ ಬೇಡವಂತೆ, ಮುಖ ಮುಟ್ಟುವುದೇ ಬೇಡವಂತೆ. ಏರ್‌ಬ್ರಷ್ ಎಂದು ಹೆಸರಿಟ್ಟೆ. ಅದಕ್ಕೂ ನಕ್ಕ. ಇಷ್ಟು ನಗುವವರನ್ನು ಕಂಡರೆ ನನಗೆ ಆಗಿಬರುವುದಿಲ್ಲ.

ಹೊರಡುವಾಗ ಏಳು ಗಂಟೆ ತನ್ನ ಚಿಕ್ಕ ಡಬ್ಬಿ ಕೊಟ್ಟು, ಮಿಕ್ಸ್ ತುಂಬಿಕೊಡಿ ಅಕ್ಕ ಎಂದಳು. ಹೊರಗಿನ ಸಮಾರಂಭಗಳಿಗೆ ಕರೆಯುತ್ತಾರಲ್ಲ, ಅದಕ್ಕೆ. ತುಂಬಿಕೊಟ್ಟೆ, ಸ್ಪ್ರೇ ಬಾಟಲಿಯನ್ನೂ. ಅವಳ ಮದುವೆಯಾದಾಗಿನಿಂದ ಕೊಡುತ್ತಲೇ ಇದ್ದೇನೆ. ಇತ್ತೀಚೆಗೆ ಬೇಗ ಬೇಗ ಖಾಲಿಯಾಗುತ್ತಿದೆ.

ಮಾರ್ಚ್ 5, ಬುಧವಾರ

ನಮ್ಮ ಚಾನೆಲ್ಲಿನ ಸಾಹೇಬರು ಮೇಲೆ ಕರೆಸಿದರು. ಗೋಡೆ ಅಗಲದ ಟೀವಿಯಲ್ಲಿ ನಿನ್ನೆಯ ಬುಲೆಟಿನ್ ನಿಲ್ಲಿಸಿ ಇಟ್ಟಿದ್ದರು. ಏಳು ಗಂಟೆಯ ದವಡೆ, ಬಾಗಿಲಿನಷ್ಟು ದೊಡ್ಡದು. ಪೆನ್ನಿನಿಂದ ಒಂದೊಂದಾಗಿ ತೋರಿಸಿದರು. ಹಚ್ಚಿದ ಬಣ್ಣದ ಕೆಳಗಿಂದಲೂ ಗುಡ್ಡ ಗುಡ್ಡವಾಗಿ ಕಾಣುತ್ತಿತ್ತು.

ಹಳೇ ಸ್ಪಂಜುಗಳಲ್ಲಿ ಕ್ರಿಮಿ ಇರುತ್ತದಂತೆ. ಎಲ್ಲಿ ಓದಿದರೋ. ಓದಲಿಲ್ಲ, ಗಡ್ಡದವನು ಕಿವಿಯೂದಿರಬೇಕು. ನಾನು ದಿನಾ ಸೋಪು ಹಾಕಿ ತಿಕ್ಕಿ, ಹಿಂಡಿ, ಕಿಟಕಿಗೆ ಕಟ್ಟಿದ ದಾರಕ್ಕೆ ನೇತುಹಾಕುತ್ತೇನೆ ಎಂದೆ. ಕೇಳಿಸಿಕೊಂಡ ಹಾಗೆ ತಲೆಯಾಡಿಸಿದರು, ಕೇಳಿಸಿಕೊಳ್ಳಲಿಲ್ಲ.

ಏಪ್ರಿಲ್ ಕಳೆಯುವುದರೊಳಗೆ ಆ ಮುಖ ಸರಿಯಾಗಬೇಕು. ಇಲ್ಲದಿದ್ದರೆ ಏಳು ಗಂಟೆ ಏರ್‌ಬ್ರಷ್ ಕೈಗೆ. ನನಗೆ ಬೇರೆ ಕೆಲಸ ಇದೆಯೋ ಇಲ್ಲವೋ, ಅದನ್ನು ಹೇಳಲಿಲ್ಲ.

ಕೆಲಸ ಹೋಗುವುದು ಒಂದು ಕಡೆ. ನನ್ನ ಕೈಯಿಂದಲೇ ಆ ಹುಡುಗಿಯ ಮುಖ ಕೆಟ್ಟಿತು ಎಂಬ ಮಾತು ಇನ್ನೊಂದು ಕಡೆ. ಇಷ್ಟು ವರ್ಷದಲ್ಲಿ ಅಂಥ ಮಾತು ಬಂದಿರಲಿಲ್ಲ.

ಮಾರ್ಚ್ 7, ಶುಕ್ರವಾರ

ಯಾರೋ ನನ್ನ ಪೆಟ್ಟಿಗೆ ಮುಟ್ಟುತ್ತಿದ್ದಾರೆ. ಬ್ರಷ್‌ಗಳ ಸಾಲು ಬೇರೆಯಾಗಿತ್ತು. ಯಾರೋ ಏನು, ಯಾರೆಂದು ಗೊತ್ತು. ಬಣ್ಣಕ್ಕೆ ಏನೋ ಬೆರೆಸುತ್ತಿದ್ದಾನೆ. ಅವಳ ಮುಖ ಕೆಟ್ಟಷ್ಟೂ ಅವನಿಗೆ ಒಳ್ಳೆಯದು.

ಇವತ್ತು ಹೋಗುವ ಮುಂಚೆ ತಲೆಯಿಂದ ಒಂದು ಬಿಳಿ ಕೂದಲು ಕಿತ್ತು, ಕೃತಕ ರೆಪ್ಪೆ ಅಂಟಿಸುವ ಗೋಂದಿನಿಂದ ಮುಚ್ಚಳದ ಅಂಚಿಗೆ ಅಂಟಿಸಿ ಬಂದೆ. ತೆರೆದರೆ ತುಂಡಾಗುತ್ತದೆ. ಬಿಳಿ ಕೂದಲು ಇಷ್ಟು ದಿನಕ್ಕೆ ಒಂದು ಉಪಯೋಗಕ್ಕೆ ಬಂತು.

ಮಾರ್ಚ್ 10, ಸೋಮವಾರ

ಕೂದಲು ತುಂಡಾಗಿದೆ!

ಕಿತ್ತಳೆ ಕರೆಕ್ಟರಿನಲ್ಲಿ ಬೆರಳಿನ ಗುರುತು. ನಾನು ಕಡ್ಡಿಯಿಂದ ತೆಗೆಯುತ್ತೇನೆ, ಬೆರಳು ಹಾಕುವುದಿಲ್ಲ. ಪೆಟ್ಟಿಗೆಯನ್ನು ಪಟ್ಟನೆ ಮುಚ್ಚಿದೆ. ಸಿಟ್ಟಿಗೋ ಸಂತೋಷಕ್ಕೋ.

ಮಾರ್ಚ್ 11, ಮಂಗಳವಾರ

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಮೇಲೆ ಓದುವವರ ಕೋಟು ಜಾಕೆಟ್ಟು ನೇತುಹಾಕುವ ಸ್ಟ್ಯಾಂಡಿನ ಹಿಂದೆ ನಿಂತೆ. ಒಂಬತ್ತು ಗಂಟೆಯ ಕೋಟಿನ ಸೆಂಟಿಗೆ ಸೀನು ಬರುತ್ತಿತ್ತು, ಮೂಗು ಹಿಡಿದುಕೊಂಡೆ. ಈ ವಯಸ್ಸಿಗೆ ಇದು ಬೇಕಿತ್ತಾ.

ಏರ್‌ಬ್ರಷ್ ಬಂದ. ಬಾಗಿಲಿಗೆ ಒಳಗಿಂದ ಚಿಲಕ ಹಾಕಿದ. ನನ್ನ ಪೆಟ್ಟಿಗೆ ತೆಗೆದು, ಕರೆಕ್ಟರ್ ಬೆರಳಿಗೆ ತೆಗೆದುಕೊಂಡು… ತನ್ನ ಕೆನ್ನೆಗೆ ಹಚ್ಚಿಕೊಳ್ಳತೊಡಗಿದ. ಗಡ್ಡ ಮುಗಿಯುವ ಜಾಗದಿಂದ ಕಣ್ಣಿನ ಕೆಳಗಿನವರೆಗೆ. ಬಹಳ ಹುಷಾರಾಗಿ, ಕನ್ನಡಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ. ಆಗ ಕನ್ನಡಿಯಲ್ಲಿ ಎರಡು ಕೋಟುಗಳ ನಡುವೆ ನನ್ನ ಮುಖ ಕಂಡಿತು ಅವನಿಗೆ.

ಕೂಗಾಡುತ್ತಾನೆ ಅಂದುಕೊಂಡೆ. ಬೆರಳು ಒರೆಸಿಕೊಂಡು ಮೆಲ್ಲಗೆ ಹೇಳಿದ. “ಗಡ್ಡ ಇಲ್ಲೀತನಕವೇ ಬೆಳೆಯೋದು ಅಕ್ಕ. ಇದರ ಮೇಲಿನದಕ್ಕೆ ಏನಾದ್ರೂ ಹಚ್ಚಲೇಬೇಕು. ಬಣ್ಣ ಹಚ್ಚೋನ ಮುಖವೇ ಹೀಗಿದ್ರೆ ನನ್ನ ಕುರ್ಚೀಲಿ ಯಾರು ಕೂತ್ಕೋತಾರೆ ಹೇಳಿ.”

ಗಡ್ಡ ಸರಿಸಿ ತೋರಿಸಿದ. ಒಳಗೆಲ್ಲ ಗುಳಿ. ಅವನ ಮೆಷಿನ್ನಿನ ತೆಳು ಬಣ್ಣಕ್ಕೆ ಅವು ಮುಚ್ಚುವುದಿಲ್ಲವಂತೆ. ನನ್ನ ಕರೆಕ್ಟರಿಗೆ ಮಾತ್ರ ಮುಚ್ಚುತ್ತವಂತೆ.

ನಾಚಿಕೆಯಾಯಿತು. ಆದರೂ ಪೆಟ್ಟಿಗೆಗೆ ಬೀಗ ತಂದು ಹಾಕಿದೆ. ಮನೆಗೆ ಬರುವಾಗ ಬಸ್ಸಿನಲ್ಲಿ ಹೊಸ ಹುಳ ಹೊಕ್ಕಿತು ತಲೆಗೆ. ಅವನ ಬೆರಳು ಕರೆಕ್ಟರಿಗೆ, ಕರೆಕ್ಟರ್ ಅವಳ ಮುಖಕ್ಕೆ. ಅವನ ಮೊಡವೆಯೇ ಅವಳಿಗೆ ಅಂಟಿದ್ದರೆ? ಇನ್ನು ಡಾಕ್ಟರನ್ನೇ ಕೇಳಬೇಕು.

ಮಾರ್ಚ್ 13, ಗುರುವಾರ

ಏಳು ಗಂಟೆಯನ್ನು ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಗಂಡನ ಜೊತೆ ಹೋಗಬಾರದಿತ್ತಾ ಎಂದೆ. ಕನ್ನಡಕದ ಅಂಗಡಿ, ಬಿಟ್ಟು ಬರಲಾಗುವುದಿಲ್ಲ ಅವರಿಗೆ ಎಂದಳು. ದಾರಿಯುದ್ದಕ್ಕೂ ಮುಖಕ್ಕೆ ಸ್ಕಾರ್ಫ್. ಅದರೊಳಗೂ ಮೇಕಪ್. ಡಾಕ್ಟರ ರೂಮಿನಲ್ಲಿ ಅದನ್ನು ನಾನೇ ಒರೆಸಿದೆ.

ಡಾಕ್ಟರು ಹೆಂಗಸು, ಮಾತು ಕಡಿಮೆ. ದೊಡ್ಡ ಬಿಲ್ಲೆಗಾಜಿನ ದೀಪ ಹಿಡಿದು ನೋಡಿದರು. ಕ್ರಿಮಿಯಾ ಎಂದು ಕೇಳಿದೆ. ಚರ್ಮದ ಕೆಳಗೆ ಎಣ್ಣೆಯ ಗ್ರಂಥಿಗಳಿರುತ್ತವೆ, ಅವುಗಳ ಬಾಯಿ ಕಟ್ಟಿಕೊಂಡರೆ ಎಣ್ಣೆ ಒಳಗೇ ನಿಂತು, ಅಲ್ಲಿ ಯಾವಾಗಲೂ ಇರುವ ಕ್ರಿಮಿ ಜಾಸ್ತಿಯಾಗಿ ಊದಿಕೊಳ್ಳುತ್ತದೆ ಎಂದರು. ಒಬ್ಬರಿಂದ ಒಬ್ಬರಿಗೆ ಅಂಟುವ ರೋಗ ಅಲ್ಲವೇ ಅಲ್ಲವಂತೆ. ಗಡ್ಡದವನು ಬಚಾವಾದ. ಬೆರಳು ಹಾಕಿದ ಡಬ್ಬಿಯನ್ನು ಮಾತ್ರ ಹೇಗೂ ಬಿಸಾಡಿ ಅಂದರು.

ಗುಳಿಗಳ ವಿಷಯವನ್ನು ಅವಳೇ ಕೇಳಿದಳು. ಸೂಜಿಯಿಂದ ಚುಚ್ಚಿದ ಹಾಗೆ ಆಳಕ್ಕಿಳಿದವು ಒಂದು ಥರ, ಅಂಚು ಎದ್ದ ಅಗಲದವು ಇನ್ನೊಂದು, ಅಲೆಯ ಹಾಗೆ ತಗ್ಗಾದವು ಮತ್ತೊಂದು. ಅವಳಿಗೆ ಮೂರೂ ಇವೆ. ಒಂದಕ್ಕೆ ಆಮ್ಲದ ಹನಿ, ಒಂದಕ್ಕೆ ಸಣ್ಣ ಸೂಜಿಗಳ ಚಿಕಿತ್ಸೆ, ಒಂದಕ್ಕೆ ಒಳಗೆ ಎಳೆದು ಹಿಡಿದಿರುವ ನಾರನ್ನು ಬಿಡಿಸುವುದು. ಪೂರ್ತಿ ಹೋಗುವುದಿಲ್ಲ, ಎಷ್ಟೋ ಕಡಿಮೆಯಾಗುತ್ತದೆ. ಆದರೆ ಹೊಸ ಮೊಡವೆ ಏಳುವುದು ನಿಂತು ಕೆಲವು ತಿಂಗಳು ಆಗುವ ತನಕ ಹಳೆಯ ಗುಳಿ ಮುಟ್ಟುವುದಿಲ್ಲ ಎಂದರು.

ಮಗು ಆಗುವ ಯೋಚನೆ ಇದೆಯಾ ಎಂದು ಕೇಳಿದರು. ಮುಖಕ್ಕೂ ಮಗುವಿಗೂ ಏನಪ್ಪಾ ಸಂಬಂಧ, ಇವರಿಗೆ ಯಾಕೆ ಬೇಕು ಇದು ಅಂದುಕೊಂಡೆ. ಇದಕ್ಕೊಂದು ಗಟ್ಟಿ ಮಾತ್ರೆ ಇದೆಯಂತೆ, ಹೊಟ್ಟೆಯಲ್ಲಿರುವ ಮಗುವಿಗೆ ಅದು ಅಪಾಯವಂತೆ, ಅದಕ್ಕೆ ಕೇಳಿದ್ದು.

ಕೊನೆಗೆ ಬರೆದುಕೊಟ್ಟಿದ್ದು ಒಂದು ಜೆಲ್, ಒಂದು ಮುಖ ತೊಳೆಯುವುದು, ಒಂದು ಬಿಸಿಲಿಗೆ ಹಚ್ಚುವುದು. ಇಷ್ಟೇನಾ. ಜೆಲ್ಲನ್ನು ರಾತ್ರಿ, ತೊಳೆದು ಒಣಗಿಸಿದ ಬರಿ ಮುಖಕ್ಕೆ, ಬಟಾಣಿ ಕಾಳಿನಷ್ಟು. ಎರಡು ಮೂರು ತಿಂಗಳು ಹಿಡಿಯುತ್ತದೆ. ಸಾಹೇಬರ ಏಪ್ರಿಲ್ ಅಷ್ಟು ಉದ್ದ ಇಲ್ಲ.

ಮೇಕಪ್ ಬಿಡಬೇಕಾ ಎಂದು ಕೇಳಿದೆ. ಬೇಕಿಲ್ಲ, ಕೆಲಸ ಮುಗಿದ ತಕ್ಷಣ ತೊಳೆದರೆ ಸಾಕು, ಚರ್ಮಕ್ಕೆ ರಾತ್ರಿಯೆಲ್ಲ ಬಿಡುವು ಕೊಡಿ, ಮುಖವನ್ನು ಸುಮ್ಮಸುಮ್ಮನೆ ಮುಟ್ಟಬೇಡಿ ಎಂದರು. ಏಳು ಗಂಟೆ ಬಾಗಿಲ ಕಡೆ ನೋಡುತ್ತಿದ್ದಳು.

ಮಾರ್ಚ್ 14, ಶುಕ್ರವಾರ

ಇವರ ಹತ್ತಿರ ಎಲ್ಲ ಹೇಳಿಕೊಂಡೆ. ಇವರು ಮನೆಗಳಿಗೆ ಬಣ್ಣ ಹೊಡೆಸುವವರು. ಒಂದೇ ಕಸುಬು ನಿಂದೂ ನಂದೂ, ನನ್ನ ಗೋಡೆಗಳು ತಿರುಗಿ ಮಾತಾಡಲ್ಲ ಅಷ್ಟೇ ಎಂದು ನಕ್ಕರು. ತೇವ ಇರುವ ಗೋಡೆಗೆ ಬಣ್ಣ ಹೊಡೆದರೆ ಗುಳ್ಳೆ ಏಳುತ್ತದಂತೆ. ಇವರು ಮೊದಲು ಅಂಗೈ ಇಟ್ಟು, ಸ್ವಲ್ಪ ಹೊತ್ತು ಹಾಗೇ ಬಿಟ್ಟು ನೋಡುತ್ತಾರೆ. ಕಣ್ಣಿಗೆ ಒಣಗಿದ ಹಾಗೆ ಕಂಡರೂ ಕೈಗೆ ಗೊತ್ತಾಗುತ್ತದಂತೆ.

ಮುಖ ಗೋಡೆಯಲ್ಲ ಎಂದೆ. ಟೀ ಲೋಟ ತೊಳೆದಿಟ್ಟು ಮಲಗಿದೆ.

ಏಪ್ರಿಲ್ 21, ಸೋಮವಾರ

ಬರೆಯಲೇ ಇಲ್ಲ ಇಷ್ಟು ದಿನ. ಪುರುಸೊತ್ತು ಇರಲಿಲ್ಲ. ಸುಳ್ಳು. ಹೆದರಿಕೆ.

ಕಡಿಮೆಯಾಗಿಲ್ಲ. ಗಲ್ಲಕ್ಕೆ ಬಂದಿದೆ, ಹಣೆಯ ಅಂಚಿಗೂ. ನಾನು ಹೊಸ ಸ್ಪಂಜು, ಹೊಸ ಬ್ರಷ್, ಎಲ್ಲ ಅವಳಿಗೇ ಬೇರೆ ಇಟ್ಟೆ. ಎಣ್ಣೆ ಇಲ್ಲದ ಫೌಂಡೇಶನ್ ತರಿಸಿ ಮಿಕ್ಸನ್ನೇ ಮೊದಲಿಂದ ಮಾಡಿದೆ. ಬುಲೆಟಿನ್ ಆದ ಮೇಲೆ ಒರೆಸಿ ಕಳಿಸುತ್ತೇನೆ ಬಾ ಎಂದರೆ, ಕೆಳಗೆ ಗಂಡ ಕಾಯುತ್ತಿದ್ದಾರೆ ಅಕ್ಕ, ಮನೆಯಲ್ಲೇ ತೊಳೆದುಕೊಳ್ಳುತ್ತೇನೆ ಎಂದು ಓಡುತ್ತಾಳೆ.

ಇವತ್ತು ಎರಡನೇ ಸಲ ಡಾಕ್ಟರ ಹತ್ತಿರ. ಜೆಲ್ ಹಚ್ಚುತ್ತಿದ್ದೀರಾ ಎಂದರು. ಹೂಂ ಎಂದಳು. ಮುಖ ಒಣಗಿತಾ, ಸಿಪ್ಪೆ ಎದ್ದಿತಾ, ಉರಿಯಿತಾ ಎಂದರು. ಏನೂ ಇಲ್ಲ ಎಂದಳು. ಈ ಜೆಲ್ ಹಚ್ಚಿದರೆ ಮೊದಲ ವಾರಗಳಲ್ಲಿ ಸಾಮಾನ್ಯವಾಗಿ ಸ್ವಲ್ಪವಾದರೂ ಒಣಗುತ್ತದೆ ಎಂದು ಅವಳನ್ನೇ ನೋಡುತ್ತಾ ಕೂತರು ಡಾಕ್ಟರು. ಅವಳು ಸ್ಕಾರ್ಫಿನ ಅಂಚು ಸುತ್ತುತ್ತಾ ಕೂತಳು. ಇಬ್ಬರ ಮಧ್ಯೆ ನಾನು.

ಜೆಲ್ ನಕಲಿಯೇ ಇರಬೇಕು. ಅಂಗಡಿಯವನನ್ನು ವಿಚಾರಿಸಬೇಕು.

ಏಪ್ರಿಲ್ 24, ಗುರುವಾರ

ಅಂಗಡಿಯವನನ್ನು ವಿಚಾರಿಸುವುದು ಬೇಕಾಗಲಿಲ್ಲ.

ಪಿನ್ನು ಹುಡುಕುತ್ತಾ ಅವಳ ಡ್ರಾಯರ್ ಎಳೆದೆ. ಜೆಲ್ ಅಲ್ಲೇ ಇತ್ತು. ಪೆಟ್ಟಿಗೆಯ ಸಮೇತ. ಟ್ಯೂಬ್ ತೆಗೆದು ಮುಚ್ಚಳ ತಿರುಗಿಸಿದೆ. ಮೂತಿಯ ಬೆಳ್ಳಿ ಸೀಲ್ ಹಾಗೇ ಇತ್ತು.

ರಾತ್ರಿ ಹಚ್ಚುವ ಔಷಧಿ ಸ್ಟುಡಿಯೋದ ಡ್ರಾಯರಿನಲ್ಲಿ ಯಾಕೆ? ಡಾಕ್ಟರ ಮುಂದೆ ಹೂಂ ಅಂದಿದ್ದು ಯಾಕೆ?

ಮೊದಲಿನ ಹಾಗೆ ಮುಚ್ಚಿ ಇಟ್ಟೆ. ಅವಳು ಬಂದಾಗ ಏನೂ ಕೇಳಲಿಲ್ಲ. ಕೈ ಮಾತ್ರ ಸ್ವಲ್ಪ ಒರಟಾಯಿತು. “ನೋವಾಗ್ತಿದೆ ಅಕ್ಕ” ಅಂದಳು. ಆಗಲಿ.

ಏಪ್ರಿಲ್ 26, ಶನಿವಾರ

ಯೋಚಿಸಿ ಯೋಚಿಸಿ ತಲೆ ಕೆಟ್ಟಿತು.

ಚಿಕ್ಕ ಡಬ್ಬಿ ಈಗ ವಾರಕ್ಕೊಂದು ಸಲ ಖಾಲಿ. ಹೊರಗಿನ ಸಮಾರಂಭ ಅಂತಾಳೆ. ಅವಳನ್ನು ಎಲ್ಲಿಗಾದರೂ ಕರೆದರೆ ಮರುದಿನ ಒಂಬತ್ತು ಗಂಟೆ ಹೊಟ್ಟೆ ಉರಿದುಕೊಂಡು ಊರಿಗೆಲ್ಲ ಹೇಳುತ್ತಾನೆ. ಇತ್ತೀಚೆಗೆ ಅವನ ಹೊಟ್ಟೆ ತಣ್ಣಗಿದೆ. ಹಾಗಾದರೆ ನನ್ನ ಮಿಕ್ಸ್ ಯಾವ ಮುಖಕ್ಕೆ ಹೋಗುತ್ತಿದೆ?

ಬೇರೆ ಚಾನೆಲ್ಲಿನಲ್ಲಿ ಕದ್ದು ಕೆಲಸ ಮಾಡುತ್ತಿದ್ದಾಳೆ. ಬೆಳಗಿನ ಕಾರ್ಯಕ್ರಮ ಯಾವುದಾದರೂ ಇರಬೇಕು. ಎರಡೆರಡು ಹೊತ್ತು ಮೇಕಪ್, ಅದಕ್ಕೇ ಮೊಡವೆ. ಇಲ್ಲವಾದರೆ ಗಡ್ಡದವನ ಜೊತೆ ಸೇರಿ ನನ್ನನ್ನು ಓಡಿಸುವ ಸಂಚು. ಬೆಳಿಗ್ಗೆಯಿಂದ ಟೀವಿಯ ದನಿ ಅಡಗಿಸಿ ಚಾನೆಲ್ ತಿರುಗಿಸುತ್ತಾ ಕೂತೆ. ಅಡುಗೆ, ವ್ಯಾಯಾಮ, ಜಾಹೀರಾತು. ಒಂದೊಂದು ಕೆನ್ನೆಯಲ್ಲೂ ನನ್ನ ಬಣ್ಣ ಹುಡುಕಿದೆ. ಇವರು ಎರಡು ಸಲ ಇಣುಕಿ ನೋಡಿ, ಏನೂ ಕೇಳದೆ ಹೋದರು. ನನಗೇ ಅಳು ಬಂತು.

ನಾನು ಅವಳನ್ನು ಮಗಳ ಹಾಗೆ ನೋಡಿಕೊಂಡಿದ್ದೆ.

ಏಪ್ರಿಲ್ 28, ಸೋಮವಾರ

ಸಾಹೇಬರು ಮೇಲಕ್ಕೂ ಕರೆಯಲಿಲ್ಲ. ಕಾರಿಡಾರಿನಲ್ಲೇ ಹೇಳಿದರು. ಗುರುವಾರದಿಂದ ಏರ್‌ಬ್ರಷ್. ನೀವು ಮನೆಯಲ್ಲಿ ಆರಾಮಾಗಿರಿ, ಎಷ್ಟು ದಿನ ದುಡಿಯುತ್ತೀರಿ ಎಂದರು. ಇಷ್ಟು ಒಳ್ಳೆಯ ಮಾತಿನಲ್ಲಿ ಯಾರೂ ನನ್ನನ್ನು ಕತ್ತು ಹಿಡಿದು ದಬ್ಬಿರಲಿಲ್ಲ.

ಏರ್‌ಬ್ರಷ್ ಬಂದು, ಇದನ್ನು ನಾನು ಕೇಳಿ ಪಡೆದಿದ್ದಲ್ಲ ಅಕ್ಕ ಎಂದ. ನಗುತ್ತಿರಲಿಲ್ಲ. ನಂಬಬೇಕು ಅನ್ನಿಸಿತು. ಪೂರ್ತಿ ನಂಬಲಿಲ್ಲ.

ಏಪ್ರಿಲ್ 29, ಮಂಗಳವಾರ

ನಿಧಾನವಾಗಿ ಬರೆಯಬೇಕು.

ಏಳು ಗಂಟೆ ಬುಲೆಟಿನ್ ಓದುತ್ತಿದ್ದಳು. ಅವಳ ಗಂಡ ಮೇಲೆ ಬಂದ. ಯಾವಾಗಲೂ ಕೆಳಗೆ ಗೇಟಿನ ಹತ್ತಿರ ಸ್ಕೂಟರಿನ ಮೇಲೆ ಕಾಯುವವನು. ಇವತ್ತು ಬಾಯಾರಿಕೆಯಂತೆ. ನೀರು ಕೊಟ್ಟು ಕೂರಿಸಿದೆ. ದಪ್ಪ ಕನ್ನಡಕ, ಮಾತುಗಾರ. ಕನ್ನಡಿಯ ಮುಂದೆ ಸಾಲಾಗಿದ್ದ ಡಬ್ಬಿಗಳನ್ನೆಲ್ಲ ನೋಡಿ ಆಶ್ಚರ್ಯಪಟ್ಟ. ಟೀವಿಯಲ್ಲಿ ಅವಳನ್ನು ನೋಡಿ ನೋಡಿಯೇ ಮನಸ್ಸು ಸೋತು, ಪರಿಚಯ ಮಾಡಿಸಿಕೊಂಡು ಮದುವೆಯಾದವನಂತೆ. ಅದನ್ನೂ ಹೇಳಿದ.

ಆಮೇಲೆ ಅಂದ. “ಇಷ್ಟೊಂದು ಬೇಕಾ ಅಕ್ಕ ಬೇರೆಯವರಿಗೆಲ್ಲ? ನಮ್ಮನೇಲಿ ಒಂದು ಪೌಡರ್ ಡಬ್ಬಿ ಕೂಡ ಇಲ್ಲ. ಇವಳು ಬೆಳಿಗ್ಗೆ ಎದ್ದಾಗಲೂ ಹೀಗೇ ಇರ್ತಾಳೆ.”

ನಾನು ಬ್ರಷ್ ಒರೆಸುತ್ತಿದ್ದೆ. ಕೈ ನಿಂತಿತು.

ಅವನು ಹೇಳುತ್ತಲೇ ಇದ್ದ, ಖುಷಿಯಲ್ಲಿ. ಎಂಥ ಶುಭ್ರ ಗೊತ್ತಾ ನಿಮಗೆ. ದಿಂಬಿನ ಕವರು ದಿನಾ ಬದಲಾಯಿಸುತ್ತಾಳೆ. ಒಂದು ದಿನವೂ ತಪ್ಪಿಸುವುದಿಲ್ಲ. ನಾನು ಏಳುವ ಮುಂಚೆ ಎದ್ದು, ಬಚ್ಚಲಿಗೆ ಹೋಗಿ, ರೆಡಿಯಾಗಿ ಬಂದಿರುತ್ತಾಳೆ. ಮಲಗುವಾಗ ದೀಪ ಬೇಡ ಅವಳಿಗೆ, ಕಣ್ಣಿಗೆ ಚುಚ್ಚುತ್ತದಂತೆ, ಕಣ್ಣು ಪರೀಕ್ಷೆ ಮಾಡುತ್ತೇನೆ ಬಾ ಎಂದರೆ ಬರುವುದಿಲ್ಲ…

ನೀರಿನ ಲೋಟ ಇಟ್ಟು ಕೆಳಗೆ ಹೋದ.

ಆ ಮಿಕ್ಸ್ ಯಾವ ಮುಖಕ್ಕೆ ಹೋಗುತ್ತಿತ್ತೋ ಗೊತ್ತಾಯಿತು. ಬೇರೆ ಚಾನೆಲ್ಲೂ ಇಲ್ಲ, ಸಂಚೂ ಇಲ್ಲ. ಅದನ್ನು ಹಚ್ಚಿಕೊಂಡೇ ಮಲಗುತ್ತಾಳೆ. ನಸುಕಿನಲ್ಲಿ ಎದ್ದು, ತೊಳೆದು, ಮತ್ತೆ ಹಚ್ಚಿಕೊಳ್ಳುತ್ತಾಳೆ. ಆ ಚರ್ಮಕ್ಕೆ ಗಾಳಿ ತಾಗಿ ಎಷ್ಟು ತಿಂಗಳಾಯಿತೋ. ಬೆವರಿಗೂ ಜಗ್ಗದ ಸ್ಪ್ರೇ ಕೊಟ್ಟವಳು ನಾನೇ.

ದಿನವೆಲ್ಲ ಊರವರ ಕಣ್ಣು ನೋಡುವವನಿಗೆ ಪಕ್ಕದ ದಿಂಬಿನ ಮುಖ ಕಾಣಲಿಲ್ಲವಾ ಎಂದು ಬೈದುಕೊಂಡೆ ಅವನನ್ನು. ಆಮೇಲೆ ಹೊಳೆಯಿತು. ಅವನ ತಪ್ಪಲ್ಲ. ನನ್ನ ಕೈಕೆಲಸ ಅಷ್ಟು ಚೆನ್ನಾಗಿದೆ. ಹೆಮ್ಮೆಪಡುವ ಬದಲು ಸ್ಪ್ರೇ ಬಾಟಲಿಯನ್ನು ಡ್ರಾಯರಿಗೆ ತಳ್ಳಿ ಮುಚ್ಚಿದೆ.

ಏಪ್ರಿಲ್ 30, ಬುಧವಾರ. ಮಧ್ಯಾಹ್ನ

ಬೆಳಿಗ್ಗೆ ಬಂದವಳೇ ಸಾಹೇಬರ ರೂಮಿಗೆ ಹೊರಟೆ. ಹೇಳಿಬಿಟ್ಟರೆ ಮುಗಿಯಿತು. ನನ್ನ ಸ್ಪಂಜು ಅಲ್ಲ, ನನ್ನ ಕೈ ಅಲ್ಲ, ಇವಳು ಮುಖ ತೊಳೆಯುವುದಿಲ್ಲ. ಒಂದು ಮಾತು. ಕೆಲಸ ಉಳಿಯುತ್ತದೆ, ಮಾನ ಉಳಿಯುತ್ತದೆ.

ಬಾಗಿಲಿನ ಹಿಡಿಯ ಮೇಲೆ ಕೈ ಇಟ್ಟೆ. ಒಳಗೆ ಒಂಬತ್ತು ಗಂಟೆಯ ನಗು ಕೇಳಿಸಿತು. ಅವನ ಮುಂದೆ ಹೇಳಿದರೆ ಸಂಜೆಯೊಳಗೆ ಇಡೀ ಕಟ್ಟಡಕ್ಕೆ, ನಾಳೆಯೊಳಗೆ ಕನ್ನಡಕದ ಅಂಗಡಿಗೆ. ವಾಪಸ್ ಇಳಿದು ಬಂದೆ. ಒಳ್ಳೆಯತನಕ್ಕೋ ಹೇಡಿತನಕ್ಕೋ ಗೊತ್ತಿಲ್ಲ. ಸಿಟ್ಟಂತೂ ಇಳಿದಿರಲಿಲ್ಲ.

ಅವಳನ್ನು ಬೇಗ ಬರಹೇಳಿದೆ. ಬಾಗಿಲು ಹಾಕಿ ಟ್ಯೂಬನ್ನು ಮೇಜಿನ ಮೇಲಿಟ್ಟೆ. ನೋಡಿದಳು.

“ಇದನ್ನ ಹಚ್ಚಬೇಕಂದ್ರೆ ಮುಖ ತೊಳೀಬೇಕು ಅಕ್ಕ.”

“ತೊಳಿ.”

“ತೊಳೆದ್ರೆ ಅವರು ನೋಡ್ತಾರೆ.”

“ನೋಡಲಿ. ಗಂಡ ತಾನೇ.”

“ಅವರು ಮದುವೆ ಆಗಿದ್ದು ನೀವು ದಿನಾ ಮಾಡಿ ಕಳಿಸ್ತೀರಲ್ಲ, ಅವಳನ್ನ. ನನ್ನನ್ನಲ್ಲ.”

ಪಕ್ಕದ ಕುರ್ಚಿ ಎಳೆದುಕೊಂಡು ಕೂತೆ. ಮೊದಲು ಒಂದು ದಿನ ಹೇಳಿಬಿಡೋಣ ಅಂದುಕೊಂಡಳಂತೆ. ನಾಳೆ, ನಾಡಿದ್ದು, ಭಾನುವಾರ. ದಿನ ಹೋದ ಹಾಗೆ ಗುಳಿಗಿಂತ ಸುಳ್ಳು ಆಳವಾಯಿತಂತೆ. ಈಗ ಹೊಸ ಮೊಡವೆ ಬೇರೆ, ಅದನ್ನು ಮುಚ್ಚಲು ಇನ್ನೂ ದಪ್ಪಗೆ, ಅದಕ್ಕೆ ಇನ್ನೂ ಜಾಸ್ತಿ. ಅತ್ತಳು. ಅತ್ತರೂ ಬಣ್ಣ ಹರಿಯಲಿಲ್ಲ. ನನ್ನ ಸ್ಪ್ರೇ ಅಂಥದ್ದು.

ನಾಳೆಯಿಂದ ನಾನಿಲ್ಲ, ಕೇಳಿದೆಯಾ ಎಂದೆ. ಕೇಳಿದ್ದಳು. ಬೆಳಿಗ್ಗೆ ಸಾಹೇಬರ ಬಾಗಿಲ ತನಕ ಹೋಗಿದ್ದೆ ಎಂದೆ. ಮುಖ ಬಣ್ಣದ ಕೆಳಗೇ ಬಿಳಿಚಿತು.

“ಹೇಳಿದ್ರಾ?”

“ಇಲ್ಲ.”

ಯಾಕೆ ಎಂದು ಕೇಳಲಿಲ್ಲ. ಟ್ಯೂಬನ್ನು ಎತ್ತಿ ನೋಡಿ ವಾಪಸ್ ಮೇಜಿನ ಮೇಲಿಟ್ಟಳು. ಆಮೇಲೆ ಎದ್ದು ಹೋದಳು. ಎಲ್ಲಿಗೆ ಅಂತ ಹೇಳಲಿಲ್ಲ. ನನಗೆ ಈಗಲೂ ಅನುಮಾನ, ರಜ ಹಾಕಿ ಮನೆಗೆ ಹೋಗಿಬಿಟ್ಟಳೋ ಏನೋ.

ಅದೇ ದಿನ, ಸಂಜೆ 6

ಮನೆಗೆ ಹೋಗಿರಲಿಲ್ಲ. ಮೇಲೆ ಹೋಗಿದ್ದಳು.

ಸಾಹೇಬರು ನನ್ನನ್ನೂ ಕರೆಸಿದರು. ಅವಳು ನಿಂತಿದ್ದಳು. ಡಾಕ್ಟರ ಔಷಧಿ ಹಚ್ಚಿಲ್ಲ, ಮುಖ ತೊಳೆಯದೆ ಮಲಗುತ್ತಿದ್ದೆ, ಅಕ್ಕನ ಕೈಯಲ್ಲಿ ಏನೂ ತಪ್ಪಿಲ್ಲ ಎಂದು ಅವಳೇ ಹೇಳಿದ್ದಾಳೆ. ಯಾಕೆ ಎಂದು ಮಾತ್ರ ಹೇಳಿಲ್ಲ. ಸಾಹೇಬರು ಸೋಮಾರಿತನ ಅಂದುಕೊಂಡಿದ್ದಾರೆ. ನಕ್ಕರು. “ಚಿಕ್ಕ ಮಕ್ಕಳಿಗೆ ಹೇಳೋ ಹಾಗೆ ಹೇಳ್ಬೇಕಲ್ಲಪ್ಪ ಇವರಿಗೆ. ಇರಿ ನೀವು, ಇವಳಿಗೆ ಮುಖ ತೊಳೆಯೋದು ಕಲಿಸಿ.” ಏರ್‌ಬ್ರಷ್‌ಗೆ ಒಂಬತ್ತು ಗಂಟೆಯ ಬೋಳುತಲೆ ಕೊಟ್ಟರು. ಗಡ್ಡದವನಿಗೇ ಎಲ್ಲರಿಗಿಂತ ಜಾಸ್ತಿ ನಗು ಬಂತು.

ಕೆಲಸ ಉಳಿಯಿತು. ಕುಣಿಯಬೇಕಿತ್ತು. ಕೆಳಗೆ ಬಂದು ಮೇಕಪ್ ಕುರ್ಚಿಯಲ್ಲಿ ಕೂತವಳ ಕೈ ಮುಟ್ಟಿದೆ, ಐಸಿನಂತಿತ್ತು. ಸಾಹೇಬರಿಗೆ ಹೇಳುವುದು ಸುಲಭದ ಭಾಗ. ಅವಳಿಗೂ ಗೊತ್ತು, ನನಗೂ ಗೊತ್ತು.

ಸಂಜೆ 7.50

ಕಿಟಕಿಯ ಹತ್ತಿರ ಕೂತು ಬರೆಯುತ್ತಿದ್ದೇನೆ. ಸುಮ್ಮನೆ ಕೂರಲು ಆಗುತ್ತಿಲ್ಲ.

ಬುಲೆಟಿನ್ ಮುಗಿಸಿ ನೇರ ಬಂದು ಕುರ್ಚಿಯಲ್ಲಿ ಕೂತು, “ತೆಗೀರಿ ಅಕ್ಕ” ಎಂದಳು. ಕಣ್ಣು ಮುಚ್ಚಿಕೊಂಡಳು. ಕೇಳಿದ್ದು ಸರಿಯಾ ಎಂದು ಇನ್ನೊಂದು ಸಲ ಕೇಳಿದೆ. ಹೂಂ.

ತೆಗೆದೆ. ಹತ್ತಿಯ ಮೇಲೆ ಹತ್ತಿ. ಮೊದಲು ನನ್ನ ಬಣ್ಣ ಬಂತು, ಆಮೇಲೆ ಕಿತ್ತಳೆ, ಆಮೇಲೆ ಏನೂ ಬರಲಿಲ್ಲ. ಬೆಚ್ಚಗಿನ ನೀರಿನಲ್ಲಿ ತೊಳೆಸಿದೆ, ತಿಕ್ಕದೆ ಒತ್ತಿ ಒರೆಸಿದೆ. ಕನ್ನಡಿಯ ಸುತ್ತಲಿನ ದೀಪ ಆರಿಸಲಾ ಎಂದೆ. ಬೇಡ ಎಂದಳು. ಗುಳಿಗಳು, ಕೆಂಪು ಗುಳ್ಳೆಗಳು, ಹಳೆಯ ಕಂದು ಕಲೆಗಳು. ಮೂಗಿನ ಪಕ್ಕ ಒಂದು ಮಚ್ಚೆ, ನಾನೇ ದಿನಾ ಮುಚ್ಚುವುದು. ವಯಸ್ಸು ಕಡಿಮೆ ಕಂಡಿತು.

ಟ್ಯೂಬಿನ ಸೀಲ್ ಒಡೆದು ಕೊಟ್ಟೆ. ಬ್ಯಾಗಿಗೆ ಹಾಕಿಕೊಂಡಳು. ಚಿಕ್ಕ ಡಬ್ಬಿಯನ್ನು ಮೇಜಿನ ಮೇಲೆ ಬಿಟ್ಟಳು, ಖಾಲಿಯದು. ಸ್ಕಾರ್ಫ್ ಕೊಡಲು ಹೋದೆ. ತಗೊಳ್ಳಲಿಲ್ಲ. ಹೋದಳು.

ಗೇಟಿನ ಹತ್ತಿರ ದೀಪದ ಕಂಬ. ಅದರ ಕೆಳಗೆ ಅವನು, ಸ್ಕೂಟರಿನ ಮೇಲೆ. ಪಾಳಿ ಬಿಟ್ಟವರೆಲ್ಲ ಒಟ್ಟಿಗೆ ಹೊರಗೆ ಬರುತ್ತಿದ್ದಾರೆ. ಅವರ ಮಧ್ಯೆ ಅವಳು.

ಅವನು ಬಾಗಿಲ ಕಡೆ ನೋಡುತ್ತಿದ್ದಾನೆ.

ಅವಳು ಹತ್ತಿರ ಹೋದಳು. ಮುಂದಿನ ಚಕ್ರದ ಪಕ್ಕ ನಿಂತಳು. ಅವನು ಸ್ಕೂಟರನ್ನು ಸ್ವಲ್ಪ ಹಿಂದಕ್ಕೆ ಸರಿಸಿದ. ದಾರಿ ಬಿಟ್ಟ. ಇನ್ನೂ ಬಾಗಿಲ ಕಡೆಯೇ ನೋಡುತ್ತಿದ್ದಾನೆ.

ಅಯ್ಯೋ ದೇವರೇ.

ಅವಳು ಕದಲಲಿಲ್ಲ. ಏನೋ ಹೇಳಿದಳು. ತಿರುಗಿದ. ನೋಡಿದ. ನೋಡುತ್ತಲೇ ಇದ್ದಾನೆ. ಕನ್ನಡಕ ತೆಗೆದ. ಅಂಗಿಯ ತುದಿಯಿಂದ ಒರೆಸಿದ, ಒಂದು ಗಾಜು, ಇನ್ನೊಂದು ಗಾಜು. ಹಾಕಿಕೊಂಡ. ಏನಾದರೂ ಅನ್ನು ಮಾರಾಯ. ಅವಳು ಹೇಳುತ್ತಿದ್ದಾಳೆ, ತುಟಿ ಅಲುಗುತ್ತಿದೆ, ತಲೆ ತಗ್ಗಿಸಿಲ್ಲ. ಇವನ ಮೇಲೆ ನನಗೆ ಮೊದಲಿಂದಲೂ ಅನುಮಾನ. ಟೀವಿ ನೋಡಿ ಮದುವೆಯಾದವನು. ಒಂದು ಮಾತು ಹೆಚ್ಚು ಕಡಿಮೆ ಆಡಲಿ, ಇಳಿದು ಹೋಗಿ…

ಕೈ ಎತ್ತಿದ.

ಅವಳ ಕೆನ್ನೆಯ ಮೇಲೆ ಇಟ್ಟ. ಪೂರ್ತಿ ಅಂಗೈ. ನಮ್ಮನೆಯವರು ಗೋಡೆಗೆ ಇಡುವ ಹಾಗೆ. ತೆಗೆಯುತ್ತಿಲ್ಲ. ಅವಳೂ ಬಿಡಿಸಿಕೊಳ್ಳುತ್ತಿಲ್ಲ, ಆ ಕೈಗೇ ಒರಗಿದ ಹಾಗೆ ನಿಂತಿದ್ದಾಳೆ. ನನಗೆ ಅಕ್ಷರ ಮಂಜಾಗುತ್ತಿದೆ.

ಆದರೆ ಕೈ ತೊಳೆದಿದ್ದಾನಾ ಅವನು? ಇಡೀ ದಿನ ಊರವರ ಕನ್ನಡಕ ಮುಟ್ಟಿದ ಕೈ, ಮೇಲೆ ಸ್ಕೂಟರಿನ ಹ್ಯಾಂಡಲ್. ಮುಖವನ್ನು ಸುಮ್ಮಸುಮ್ಮನೆ ಮುಟ್ಟಬೇಡಿ ಎಂದು ಡಾಕ್ಟರು ಅಷ್ಟು ಹೇಳಿದ್ದಾರೆ. ಕಿಟಕಿ ತೆಗೆದು ಕೂಗಿಬಿಡಲಾ, ಏನಪ್ಪಾ, ಕೈ ತೊಳ್ಕೊಂಡು ಮುಟ್ಟು ಅಂತ?